ಮೈಗಳ್ಳಿಯ ಹಾಜರಿ

ಯಾವೇಲಾ, ಫೆಬ್ರವರಿ 12

ಒಬ್ದುಲಿಯಕ್ಕಾ,

ಇನ್ನು ಮೇಲೆ ಫೋನ್ ಮಾಡಬೇಡ. ಸಿಟ್ಟು ಮಾಡ್ಕೊಂಡು ಕಾಗದ ಬಿಸಾಕಬೇಡ, ಪೂರ್ತಿ ಓದು. ಹೋದ ಭಾನುವಾರ ನಿನ್ನ ಪಕ್ಕದಂಗಡಿ ಕೋಳಿಯವಳ ಜಗಳ ಹೇಳಿ ನನ್ನ ನಗಿಸಿದೆಯಲ್ಲ, ಆ ನಗುವಿಗೆ ನಾನು ವಾರವಿಡೀ ದಂಡ ತೆತ್ತೆ. ಕಿಟಕಿ ಮುಚ್ಚಿಕೊಂಡು, ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಬಿದ್ದಿದ್ದೆ. ಅಂಗಳದಲ್ಲಿ ಕೋಳಿ ಕೆದಕಿದರೂ ತಲೆಯೊಳಗೆ ಕೆದಕಿದ ಹಾಗೆ ಆಗ್ತಿತ್ತು. ಕಾಗದವಾದರೆ ನನ್ನ ಮಾತು ಕೇಳುತ್ತೆ. ನಾಲ್ಕು ಸಾಲು ಬರೆದು ಮಲಗಬಹುದು, ನಾಳೆ ಇನ್ನೆರಡು ಸಾಲು. ಬಸ್ಸಿನ ಗೌದೆನ್ಸಿಯೊ ತಂದುಕೊಡ್ತಾನೆ. ನಿನ್ನ ಅಂಗಡೀಲಿ ಪುಕ್ಕಟೆ ಸಾರು ಸಿಗುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು.

ಎರಡು ವರ್ಷದ ಹಿಂದೆ ಆ ಜ್ವರ ಬಂತಲ್ಲ. ಜ್ವರ ಹೋಯ್ತು, ನಾನು ವಾಪಸ್ ಬರಲಿಲ್ಲ. ಊರಿಗೆ ಇದು ಅರ್ಥ ಆಗ್ತಿಲ್ಲ. ಅರ್ಥ ಆಗದವರೆಲ್ಲ ಒಂದೊಂದು ಔಷಧಿ ಹಿಡ್ಕೊಂಡು ಬರ್ತಾರೆ. ಯಾರೋ ಮೈಮೇಲೆಲ್ಲ ಹಸಿ ಮೊಟ್ಟೆ ಉರುಳಿಸಿ, ಲೋಟಕ್ಕೆ ಒಡೆದು, ಹಳದೀಲಿ ಕಣ್ಣು ಕಾಣ್ತಿದೆ, ಇದು ದೃಷ್ಟಿ ಅಂದರು. ಇನ್ಯಾರೋ ಸೊಪ್ಪಿನ ಕಟ್ಟಲ್ಲಿ ಬಡಿದರು. ನಮ್ಮ ಕ್ರಿಸ್ಪಿನಾ ಅತ್ತೆ, ಅಪ್ಪನ ತಂಗಿ ಅನ್ನೋ ಸಲಿಗೆಗೆ, ಇದು ಹೆದರಿಕೆ, ಎಲ್ಲೋ ಬೆಚ್ಚಿಬಿದ್ದು ಆತ್ಮ ಅಲ್ಲೇ ಉಳಿದಿದೆ ಅಂತ ಹೇಳಿ, ಬಾಯಿ ತುಂಬ ಮೆಸ್ಕಾಲು ಸಾರಾಯಿ ತುಂಬ್ಕೊಂಡು ನನ್ನ ಮುಖಕ್ಕೆ ಫುರ್ ಅಂತ ಉಗುಳಿದಳು. ಅವಳ ಬಾಯಲ್ಲಿರೋ ಹಲ್ಲೇ ಮೂರು. ಮೆಸ್ಕಾಲಿನ ಜೊತೆ ಬೆಳಗಿನ ಹುರುಳಿ ತಿಂಡಿಯೂ ಬಂತು. ಥೂ! ಒರೆಸಿಕೊಳ್ಳೋಕೆ ಕೈ ಎತ್ತಲಾಗದೆ ಹಾಗೇ ಒಣಗಿಸಿಕೊಂಡೆ. "ಬಂತಾ ಆತ್ಮ?" ಅಂತ ಕೇಳಿದಳು. ಬಂದಿತ್ತು ಅತ್ತೆ, ಆ ವಾಸನೆಗೆ ಮತ್ತೆ ಓಡಿಹೋಯ್ತು ಅಂದೆ.

ಇದೆಲ್ಲ ಸಹಿಸಬಹುದು. ಮನೆಗೊಬ್ಬರು ಹೋಗೋ ಶನಿವಾರದ ಊರಗೆಲಸದ ಹಾಜರಿ ಮಾತ್ರ ಸಹಿಸಕ್ಕಾಗಲ್ಲ. ಬೆಳಕು ಹರಿಯುತ್ತಲೇ ಚಾವಡಿ ಮೇಲಿನ ಮೈಕಿನಲ್ಲಿ ಮನೆಮನೆ ಹೆಸರು ಕೂಗ್ತಾರಲ್ಲ. "ನಿಯೆವೆಸ್, ತೀರಿಹೋದ ಅಬುಂದಿಯೊ ಮಗಳು." ಆಮೇಲೆ ಸ್ವಲ್ಪ ತಡೆದು, ಇಡೀ ಕಣಿವೆಗೆ ಕೇಳೋ ಹಾಗೆ, "ಬಂದಿಲ್ಲ." ಮುಂದಿನ ಸಭೇಲಿ ನನ್ನ ವಿಷಯ ತೆಗೀತಾರಂತೆ. ಊರಿಗೆ ದುಡಿಯದವರಿಗೆ ಏನಾಗುತ್ತೆ ಅಂತ ನಿನಗೆ ಹೇಳಬೇಕಾ? ನೀರಿನ ಕೊಳವೆ ಕಡೀತಾರೆ, ಊರವರ ಪಟ್ಟಿಯಿಂದ ಹೆಸರು ಹೊಡೀತಾರೆ, ಸತ್ತರೆ ಅಮ್ಮನ ಪಕ್ಕದಲ್ಲಿ ಮಣ್ಣೂ ಇಲ್ಲ.

ನಿನ್ನ ತಂಗಿ,
ನಿಯೆವೆಸ್

ಓಹಾಕಾ ಪಟ್ಟಣ, ಫೆಬ್ರವರಿ 20

ಲೇ ನಿಯೆವೆಸ್,

ಫೋನ್ ಬೇಡವಂತೆ, ಕಾಗದ ಬೇಕಂತೆ! ರಾಣೀರ ಅಪ್ಪಣೆ. ಮೆಣಸಿನಕಾಯಿ ಹುರಿದ ಕೈಯಲ್ಲೇ ಬರೀತಿದ್ದೀನಿ, ಕಣ್ಣುಜ್ಜಿಕೋಬೇಡ.

ಅಲ್ಲ ಕಣೇ, ನಂಗೂ ಸುಸ್ತಾಗುತ್ತೆ. ಕೋಳಿ ಕೂಗೋಕೆ ಮುಂಚೆ ಎದ್ದು ಸಾರಿಗಿಟ್ಟು, ಸಂಜೆವರೆಗೂ ನಿಂತೇ ಇರ್ತೀನಿ. ಕಾಲು ಬಾತು ಕುಂಬಳಕಾಯಿ ಆಗಿದೆ. ಹಾಗಂತ ಮಲಗಿದರೆ ಯಾರು ಅನ್ನ ಹಾಕ್ತಾರೆ? ಮಲಗಿದಷ್ಟೂ ಮೈ ಜಡ್ಡುಗಟ್ಟುತ್ತೆ. ದಿನಾ ಸ್ವಲ್ಪ ಸ್ವಲ್ಪ ನಡಿ. ಇವತ್ತು ಬಾಗಿಲವರೆಗೆ, ನಾಳೆ ಬಾವಿವರೆಗೆ, ನಾಡಿದ್ದು ಚರ್ಚಿನವರೆಗೆ. ಅಮ್ಮ ನಿನ್ನ ಹೆತ್ತ ದಿನವೇ ಜೋಳ ಅರೆದಿದ್ದಳು, ನಾನು ಕಣ್ಣಾರೆ ನೋಡಿದ್ದೀನಿ.

ಗೌದೆನ್ಸಿಯೊ ಕೈಲಿ ಶಕ್ತಿ ಟಾನಿಕ್ಕು ಕಳಿಸಿದ್ದೀನಿ. ಕುರಿ ಈಲಿಯನ್ನ ಅರ್ಧ ಬೇಯಿಸಿ ನಿಂಬೆ ಹಿಂಡಿಕೊಂಡು ತಿನ್ನು, ರಕ್ತ ಆಗುತ್ತೆ. ಪಟ್ಟಿಯಿಂದ ಹೆಸರು ಹೋದರೆ ಹೋಯ್ತು ಅಂತ ನಾನು ಹೇಳಬಲ್ಲೆ, ನನ್ನದನ್ನ ಅವರು ಯಾವತ್ತೋ ಹೊಡೆದಿದ್ದಾರೆ. ಮದುವೆಯಾಗಿ ಇಲ್ಲಿಗೆ ಬಂದವಳು ಊರಿನ ಸರದಿ ಸೇವೆಗೆ ವಾಪಸ್ ಹೋಗಲಿಲ್ಲ ಅಂತ. ಆದರೆ ನೀನು ಅಲ್ಲೇ ಬದುಕಬೇಕಲ್ಲ. ಏಳು ಮಗಳೇ, ಎದ್ದು ಮುಖ ತೊಳ್ಕೊ.

ಒಬ್ದುಲಿಯಾ

ಯಾವೇಲಾ, ಮಾರ್ಚ್ 15

ಅಕ್ಕಾ,

ಟಾನಿಕ್ಕು ಹಂದಿಗೆ ಹಾಕಿದೆ. ಅದು ಮೂಸಿ ಹಿಂದೆ ಸರೀತು.

"ನಂಗೂ ಸುಸ್ತಾಗುತ್ತೆ." ಈ ಮಾತು ಹೇಳದವರು ಯಾರಾದರೂ ಇದ್ದರೆ ತೋರಿಸು, ಕಾಲಿಗೆ ಬೀಳ್ತೀನಿ. ನಿನಗೆ ಸುಸ್ತಾದರೆ ಮಲಗ್ತೀಯ, ಬೆಳಿಗ್ಗೆ ಎದ್ದರೆ ಹೋಗಿರುತ್ತೆ. ನಾನು ರಾತ್ರಿಯೆಲ್ಲ ಮಲಗಿ ಎದ್ದಾಗ ಯಾರೋ ನನ್ನ ಮೈಯನ್ನ ಕಲ್ಲಿನ ಮೇಲೆ ಒಗೆದು ಹಿಂಡಿ ಬಿಸಾಕಿದ ಹಾಗಿರುತ್ತೆ. ಪಟ್ಟಣದ ಡಾಕ್ಟರಮ್ಮ ಇದಕ್ಕೆ ದೀರ್ಘಕಾಲದ ಆಯಾಸದ ಕಾಯಿಲೆ ಅಂತ ಹೆಸರು ಬರೆದುಕೊಟ್ಟಳು. ಅದನ್ನ ಸಭೇಲಿ ಓದಿದರು. ಜನ ಬಿದ್ದು ಬಿದ್ದು ನಕ್ಕರು. "ಆಯಾಸದ ಕಾಯಿಲೆಯಾ? ನಮ್ಮ ಕತ್ತೆಗೂ ಅದೇ!" ನಗದೆ ಇನ್ನೇನು ಮಾಡ್ತಾರೆ? ಕಾಲರಾಕ್ಕೆ ಸ್ವಲ್ಪ ಭೇದಿ ಅಂತ ಹೆಸರಿಟ್ಟ ಹಾಗಿದೆ. ಹೆಸರಿಟ್ಟವನ ಮೇಲೆ ನನಗೆ ಮೈಯೆಲ್ಲ ಉರಿಯುತ್ತೆ.

ದಿನಾ ಸ್ವಲ್ಪ ಸ್ವಲ್ಪ ನಡಿ ಅಂತೀಯ. ಮೊದಲನೇ ವರ್ಷ ಹಾಗೇ ನಡೆದೆ ಅಕ್ಕಾ. ನಡೆದು ನಡೆದು ಬಾಗಿಲವರೆಗೆ ಹೋಗ್ತಿದ್ದವಳು ಹಾಸಿಗೆವರೆಗೆ ಬಂದೆ. ಡಾಕ್ಟರಮ್ಮ ಹೇಳಿದ್ದು ತಿರುಗುಮುರುಗು. ದಣಿಯೋಕೆ ಮುಂಚೆ ಮಲಗು, ಇನ್ನೂ ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸು. ಅದರಂತೆಯೇ ಬದುಕ್ತಿದ್ದೀನಿ. ಅಡುಗೆ ಮಾಡಿದ ದಿನ ಸ್ನಾನ ಇಲ್ಲ. ಸ್ನಾನ ಮಾಡಿದ ದಿನ ಯಾರ ಜೊತೆಗೂ ಮಾತಿಲ್ಲ. ಹುರುಳಿ ಬಿಡಿಸೋದು ಮಲಗಿಕೊಂಡೇ, ಹೊಟ್ಟೆ ಮೇಲೆ ತಟ್ಟೆ ಇಟ್ಕೊಂಡು. ಒಲೆ ಮುಂದೆ ಸ್ಟೂಲು. ಜಡೆ ಕತ್ತರಿಸಿಬಿಟ್ಟೆ. ಅದನ್ನ ತೊಳೆದು ಒಣಗಿಸಿ ಹೆಣೆಯೋದರಲ್ಲೇ ನನ್ನ ದಿನ ಮುಗೀತಿತ್ತು. ಅಮ್ಮನಿಗೆ ಆ ಜಡೆ ಎಷ್ಟು ಇಷ್ಟವಿತ್ತು ಅಂತ ನಿನಗೆ ಗೊತ್ತು. ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಬಿದ್ದಿರುವಾಗ, ನೆಟ್ಟಗಿರೋ ಹೆಂಗಸು ಚಾಪೆ ಮೇಲೆ ಮಲಗೋದು ಈ ಊರಲ್ಲಿ ಕುಡಿದು ಬೀಳೋದಕ್ಕಿಂತ ಕೆಟ್ಟದ್ದು. ದಾರೀಲಿ ಹೋಗೋರು ಬಾಗಿಲಲ್ಲಿ ಇಣುಕಿ, "ಓ, ಮೈಗಳ್ಳಿ ಮಲಗಿದ್ದಾಳೆ," ಅಂತ ಪ್ರೀತಿಯಿಂದ ಹೇಳಿ ಹೋಗ್ತಾರೆ. ಆ ಪ್ರೀತಿಯೇ ನನಗೆ ಅಸಹ್ಯ.

ಸಭೇಲಿ ಊರ ಯಜಮಾನ ಎಲಾದಿಯೊ ಕೊನೆಗೆ ಹೇಳಿದ್ದು ಇಷ್ಟು. ಮಳೆಗೆ ಮುಂಚೆ ಬೆಟ್ಟದ ಊಟೆಯಿಂದ ಬರೋ ಕೊಳವೆ ಕಾಲುವೆ ತೋಡಬೇಕು. ಆ ಕೆಲಸಕ್ಕೆ ಬಂದರೆ ಸರಿ. ಬರದಿದ್ದರೆ ನನ್ನ ಮನೆ ನೀರು ನಿಲ್ಲುತ್ತೆ. ನೀರು ಕುಡಿಯೋರು ತೋಡಬೇಕು ಅಂತ ಅವನ ವಾದ. ಹೊರಗಿಂದ ನೋಡಿದರೆ ನ್ಯಾಯವೇ. ಅದಕ್ಕೇ ಇನ್ನೂ ಕೋಪ ಬರುತ್ತೆ.

ನಿಯೆವೆಸ್

ಓಹಾಕಾ ಪಟ್ಟಣ, ಏಪ್ರಿಲ್ 2

ನಿಯೆವೆಸ್,

ಜಡೆ ಕತ್ತರಿಸಿದ್ದು ಓದಿ ಅಂಗಡೀಲಿ ಕೂತು ಅತ್ತುಬಿಟ್ಟೆ. ಗಿರಾಕಿ ಸಾರಿಗೆ ಉಪ್ಪು ಜಾಸ್ತಿ ಅಂದ.

ಟಾನಿಕ್ಕು ಬಿಡು, ಹಂದಿ ಬಿಡು. ಒಂದು ಮಾತು ಕೇಳ್ತೀಯಾ? ಆ ಕೊಳವೆ ಕೆಲಸಕ್ಕೆ ಒಂದೇ ಒಂದು ದಿನ ಹೋಗು. ನಮ್ಮ ಜನ ನನಗೆ ಗೊತ್ತು. ಅವರಿಗೆ ಕೆಲಸ ಬೇಕಾಗಿಲ್ಲ, ಮುಖ ಬೇಕು. ಗುದ್ದಲಿ ಹಿಡ್ಕೊಂಡು ಎಲ್ಲರ ಕಣ್ಣಿಗೆ ಬೀಳು, ಒಂದೆರಡು ಬುಟ್ಟಿ ಮಣ್ಣು ಎತ್ತು, ಆಮೇಲೆ ವರ್ಷವೆಲ್ಲ ಯಾರೂ ಬಾಯಿ ಬಿಡಲ್ಲ. ಮುಂಚೆ ಒಂದು ವಾರ ಚೆನ್ನಾಗಿ ಮಲಗು. ನನಗೋಸ್ಕರ ಹೋಗು. ಗಟ್ಟಿ ಅಟ್ಟೆಯ ಚಪ್ಪಲಿ ಕಳಿಸಿದ್ದೀನಿ, ಕಾಲು ಜಾರಲ್ಲ.

ಒಬ್ದುಲಿಯಾ

ಯಾವೇಲಾ, ಜೂನ್ 9

ಅಕ್ಕಾ,

ನಿನ್ನ ಚಪ್ಪಲಿ ಚೆನ್ನಾಗಿತ್ತು. ಒಂದೇ ದಿನ ಹಾಕಿದೆ.

ಹೋಗಿದ್ದೆ. ಆ ದಿನ ಬೆಳಿಗ್ಗೆ, ಏನು ಮಾಯವೋ, ಮೈ ಹಗುರವಾಗಿತ್ತು. ಬೆಟ್ಟದ ಗಾಳಿ, ಹಸಿ ಮಣ್ಣಿನ ವಾಸನೆ, ಹೆಂಗಸರ ತಮಾಷೆ. ಎಷ್ಟು ದಿನದ ಮೇಲೆ! ಮೈಕಿನಲ್ಲಿ ನನ್ನ ಹೆಸರು ಕೂಗಿದಾಗ ಗುದ್ದಲಿ ಮೇಲೆತ್ತಿ "ಇದ್ದೀನಿ!" ಅಂದೆ. ಎಲ್ಲ ಚಪ್ಪಾಳೆ ತಟ್ಟಿದರು. ಒಂದೆರಡು ಬುಟ್ಟಿ ಎತ್ತಿ ಕೂರಬೇಕಿತ್ತು. ಕೂರಲಿಲ್ಲ ಕಣೇ. ಖುಷಿಯಾಗಿತ್ತು, ಅದಕ್ಕೆ ಕೂರಲಿಲ್ಲ. ಮೊದಲಿನ ನಿಯೆವೆಸ್ ಹಾಗೆ ತೋಡಿದೆ, ಎತ್ತಿದೆ, ಎಲಾದಿಯೊ ಹೆಂಡತಿಗಿಂತ ಮುಂದೆ ಹೋದೆ. ಕ್ರಿಸ್ಪಿನಾ ಅತ್ತೆ ಎಲ್ಲರಿಗೂ ಹೇಳ್ತಿದ್ದಳು, "ನೋಡಿದ್ರಾ, ನನ್ನ ಮೆಸ್ಕಾಲು ಈಗ ಕೆಲಸ ಮಾಡ್ತಿದೆ!" ಸಂಜೆ ನಡೆದುಕೊಂಡೇ ಮನೆಗೆ ಬಂದೆ. ಮಾರನೇ ದಿನವೂ ಚೆನ್ನಾಗೇ ಇದ್ದೆ. ಊರವರು ನೋಡಿದ್ದು ಅಷ್ಟೇ.

ಮೂರನೇ ದಿನ ಬಿದ್ದೆ. ಅದನ್ನ ಯಾರೂ ನೋಡಲಿಲ್ಲ. ಈ ಹಾಳು ಕಾಯಿಲೆಯ ಮೋಸ ಇದೇ, ಬೀದೀಲಿ ನಗಿಸಿ ಮನೆಯೊಳಗೆ ಕೊಲ್ಲುತ್ತೆ. ಗಂಟಲ ಗಂಟು ಊದಿ, ಬೆಳಕು ಕಣ್ಣಿಗೆ ಚುಚ್ಚಿ, ರೊಟ್ಟಿ ಅಗಿಯೋಕೂ ದವಡೇಲಿ ಬಲವಿಲ್ಲದೆ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗ್ತಿದ್ದೆ. ಎದ್ದಾಗ ಅದು ಹುಳಿಯಾಗಿ ಕೆನ್ನೆಗೆ ಅಂಟಿರ್ತಿತ್ತು. ಹೊರಗೆ ಹೋಗೋಕಾಗದೆ ಹಾಸಿಗೆ ಪಕ್ಕ ಬಕೀಟು. ಆ ಬಕೀಟಿನ ಜೊತೆ ಒಂದೇ ಕೋಣೇಲಿ, ಬಿಸಿಲಿನ ಕಾಲದಲ್ಲಿ, ಮೇ ತಿಂಗಳು ಪೂರ್ತಿ ಇದ್ದೆ. ನನ್ನ ವಾಸನೆಗೆ ನನಗೇ ವಾಕರಿಕೆ ಬರ್ತಿತ್ತು. ಕ್ರಿಸ್ಪಿನಾ ಅತ್ತೆ ದಿನಕ್ಕೊಂದು ಸಲ ಬಂದು ಅದನ್ನ ಎತ್ತಿ ಚೆಲ್ಲಿ ಬರೋಳು. "ಮೈಗಳ್ಳಿ, ಉಚ್ಚೆಗೂ ಏಳಲ್ಲ," ಅಂತ ಬೈದುಕೊಂಡೇ ಚೆಲ್ಲೋಳು. ಚೆಲ್ಲಿದ್ದು ಮಾತ್ರ ಅವಳೊಬ್ಬಳೇ.

ಈಗ ಕೇಳು. ಹೋದ ವಾರದ ಸಭೇಲಿ ಒಮ್ಮತದಿಂದ ತೀರ್ಮಾನವಾಯ್ತು. ನಿಯೆವೆಸ್ ಗುಣವಾಗಿದ್ದಾಳೆ, ಎಲ್ಲರೂ ಕಣ್ಣಾರೆ ನೋಡಿದ್ದಾರೆ, ಜನವರಿಯಿಂದ ಒಂದು ವರ್ಷ ಆಸ್ಪತ್ರೆ ಸಮಿತಿಯ ಸೇವೆ ಅವಳಿಗೆ. ದಿನಾ ಬೆಳಿಗ್ಗೆ ಆಸ್ಪತ್ರೆ ಗುಡಿಸಿ, ನೀರು ಹೊತ್ತು, ಮೇಲಿನ ಹಟ್ಟಿಗಳಿಗೆ ನಡೆದು ಮಕ್ಕಳಿಗೆ ಚುಚ್ಚುಮದ್ದಿಗೆ ಬನ್ನಿ ಅಂತ ಕರೆಯಬೇಕು. ರೋಗಿಗಳ ಚಾಕರಿಗೆ ರೋಗಿ. ಆಗಲ್ಲ ಅಂದರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಮುಂಚೆ ಮೈಗಳ್ಳಿ ಆಗಿದ್ದೆ, ಈಗ ಸುಳ್ಳಿಯೂ ಹೌದು.

ಒಂದೇ ಒಂದು ದಿನ ಅಂದೆಯಲ್ಲ. ಸ್ವಲ್ಪ ದಿನ ನನಗೆ ಬರೀಬೇಡ.

ನಿಯೆವೆಸ್

ಓಹಾಕಾ ಪಟ್ಟಣ, ಆಗಸ್ಟ್ 24

ನಿಯೆವೆಸ್,

ಬರೀಬೇಡ ಅಂದೆ, ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇದು ನನ್ನ ಜನ್ಮದಲ್ಲೇ ಮೊದಲು. ನನ್ನ ಗಂಡ ನನಗೂ ಕಾಯಿಲೆ ಬಂತೇನೋ ಅಂತ ಹೆದರಿದ.

ನೀನು ಇನ್ನೂ ಉಸಿರಾಡ್ತಿದ್ದೀಯ ಅಂತ ಗೌದೆನ್ಸಿಯೊ ಹೇಳ್ತಾನೆ. ಅವನ ಮಾತಿನ ಮೇಲೆ ಬದುಕಿದ್ದೀನಿ. ಸತ್ತವರ ಹಬ್ಬಕ್ಕೆ ಬರ್ತೀನಿ. ಬೇಡ ಅಂದರೂ ಬರ್ತೀನಿ, ಅಮ್ಮನ ಗೋರಿ ನಿನ್ನೊಬ್ಬಳದಲ್ಲ. ನಿಜ ಹೇಳ್ತೀನಿ, ನಿನ್ನ ಕಾಗದ ಇನ್ನೊಂದು ಸಲ ಓದಿದೆ, ಆದರೂ ಸ್ವಲ್ಪ ಜಾಸ್ತಿ ಮಾಡಿ ಬರೆದಿದ್ದೀಯ ಅಂತಲೇ ನನಗೆ ಅನ್ನಿಸುತ್ತೆ. ಬಂದು ನೋಡ್ತೀನಿ.

ಒಬ್ದುಲಿಯಾ

ಓಹಾಕಾ ಪಟ್ಟಣ, ನವೆಂಬರ್ 13

ನಿಯೆವೆಸ್,

ಬಸ್ಸಿಂದ ಇಳಿದು ಕೈ ತೊಳೆದವಳೇ ಬರೀತಿದ್ದೀನಿ. ಬೀಳ್ಕೊಡುವಾಗ ನೀನು ಗೋಡೆ ಕಡೆ ಮುಖ ಮಾಡಿಕೊಂಡಿದ್ದೆ. ನಿನ್ನ ಕೋಪ ಗೊತ್ತು. ಆದರೂ ನಾನು ನೋಡಿದ್ದನ್ನ ನಾನೇ ಹೇಳಬೇಕು.

ಹಬ್ಬದ ದಿನ ನಾವಿಬ್ಬರೂ ಎಷ್ಟು ಚೆನ್ನಾಗಿದ್ವಿ! ಅಮ್ಮನ ಗೋರಿಗೆ ಚೆಂಡುಹೂವು ಹಾಕಿದ್ವಿ, ರೊಟ್ಟಿ, ಚಾಕಲೇಟು ಇಟ್ವಿ, ನೀನು ಹಾಡಿದೆ. ನಾನು ಒಳಗೊಳಗೇ ಅಂದುಕೊಂಡೆ, ಇವಳಿಗೆ ಏನಾಗಿದೆ, ಗಟ್ಟಿಮುಟ್ಟಾಗಿದ್ದಾಳೆ. ಮೂರನೇ ದಿನ ಬೆಳಿಗ್ಗೆ ಕಾಫಿ ತಂದೆ. ನೀನು ಕಣ್ಣು ಬಿಡಲಿಲ್ಲ. ತುಟಿ ಬೂದಿ ಬಣ್ಣ. ಎತ್ತಿ ಕೂರಿಸಿದರೆ ಕತ್ತು ಕೂಸಿನ ಕತ್ತಿನ ಹಾಗೆ ವಾಲಿತು. ಸೋಗು ಹಾಕೋರ ಕತ್ತು ಹಾಗೆ ವಾಲಲ್ಲ, ಆರು ಮಕ್ಕಳನ್ನ ಹೆತ್ತವಳು ನಾನು, ನನಗೆ ಗೊತ್ತು. ಬಕೀಟಿನ ವಾಸನೆಗೆ ನಾನು ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಅಸಹ್ಯವಾಯ್ತು. ನಿನ್ನ ಮೇಲಲ್ಲ. ಕುರಿ ಈಲಿ ತಿನ್ನು ಅಂದಿದ್ದ ಈ ಬಾಯಿ ಮೇಲೆ.

ಪಟ್ಟಿಯಲ್ಲಿಲ್ಲದ ನಾನು ಸಭೇಲಿ ಬಾಯಿ ಬಿಡೋ ಹಾಗಿಲ್ಲ. ಅದಕ್ಕೆ ಒಂದು ಶೀಸೆ ಮೆಸ್ಕಾಲು, ಒಂದು ಕಟ್ಟು ಸಿಗರೇಟು ಹಿಡ್ಕೊಂಡು, ಬೇಡೋಕೆ ಹೋಗೋರು ಹೋಗೋ ಹಾಗೆ ಯಜಮಾನನ ಮನೆ ಬಾಗಿಲಿಗೆ ಹೋದೆ. "ಕೆಲಸದ ದಿನ ನೋಡಿದ್ರಲ್ಲ ಎಲಾದಿಯೊ ಮಾಮ, ಈಗ ಮೂರನೇ ದಿನಾನೂ ನೋಡಿ ಬನ್ನಿ," ಅಂದೆ. ಶೀಸೆ ತಗೊಂಡ ಮೇಲೆ ಇಲ್ಲ ಅನ್ನೋ ಹಾಗಿಲ್ಲವಲ್ಲ. ನಿನ್ನ ಕೇಳದೆ ಕರ್ಕೊಂಡು ಬಂದೆ, ಹೌದು. ಆ ದಿನ ನಿನಗೆ ಬಾಯಿರಲಿಲ್ಲ, ನನ್ನದನ್ನ ತೆರೆದೆ. ಬೈಯೋದಿದ್ದರೆ ಬೈಯಿ, ಆದರೆ ಮಲಗಿಕೊಂಡು ಬೈಯಿ.

ನಿನ್ನ ಅಕ್ಕ,
ಒಬ್ದುಲಿಯಾ

ಯಾವೇಲಾ, ಜನವರಿ 16

ಅಕ್ಕಾ,

ಬೈಯೋಕೆ ಶಕ್ತಿ ಕೂಡಿಡ್ತಿದ್ದೆ, ಅದಕ್ಕೆ ಇಷ್ಟು ದಿನವಾಯ್ತು.

ಎಲಾದಿಯೊ ಸೇರಿ ಊರ ಪಂಚರು ಐದು ಜನ ಗಂಡಸರು, ಕೈಯಲ್ಲಿ ಅಧಿಕಾರದ ಕೋಲು, ಎದೆಗೆ ಟೋಪಿ ಒತ್ತಿಕೊಂಡು ನನ್ನ ಹಾಸಿಗೆ ಸುತ್ತ ನಿಂತಿದ್ದರಂತೆ. ಹೆಣ ನೋಡೋಕೆ ಬಂದ ಹಾಗೆ. ನನಗೆ ಕಣ್ಣು ಬಿಡಲಾಗಲಿಲ್ಲ ಅಷ್ಟೇ, ಕಿವಿ ಕೇಳ್ತಿತ್ತು. ಒಬ್ಬ ಮೂಗು ಮುಚ್ಚಿಕೊಂಡ, ಮಾತು ಗೊಣಗೊಣ ಅಂತಿತ್ತು. ಒಬ್ಬ ಬಕೀಟಿಗೆ ಕಾಲು ತಾಗಿಸಿ "ದೇವರೇ" ಅಂದ. ಎರಡೂವರೆ ವರ್ಷ ನಾನು ಬಾಯಲ್ಲಿ ಹೇಳಿದ್ದನ್ನ ಯಾರೂ ನಂಬಲಿಲ್ಲ, ಆ ಬಕೀಟು ಹೇಳಿದ್ದನ್ನ ನಂಬಿದರು. ಅದಕ್ಕಿಂತ ಹೇಸಿಗೆ ಇನ್ನೇನಿದೆ? ನೀನು ಮಾಡಿದ್ದು ಸರಿ, ನಿನ್ನನ್ನ ಕ್ಷಮಿಸಿಲ್ಲ. ಎರಡೂ ನಿಜ.

ಡಿಸೆಂಬರ್ ಸಭೇಲಿ ದೊಡ್ಡ ಚರ್ಚೆಯಾಯ್ತಂತೆ. ಕಾಲು ಮುರಿದರೆ ಕೂಡೋವರೆಗೆ ಬಿಡುವು, ಬಾಣಂತಿಗೆ ನಲವತ್ತು ದಿನ ಬಿಡುವು. ನನಗೆ ಯಾವ ಲೆಕ್ಕ? "ಇವಳು ವಾಸಿಯೂ ಆಗ್ತಿಲ್ಲ, ಸಾಯ್ತಾನೂ ಇಲ್ಲ," ಅಂತ ಎಲಾದಿಯೊ ತಲೆ ಚಚ್ಚಿಕೊಂಡನಂತೆ. ಆಗ ಕ್ರಿಸ್ಪಿನಾ ಅತ್ತೆ ಎದ್ದು, "ಅಯ್ಯೋ ದಡ್ಡರಾ, ನಮ್ಮೂರಲ್ಲಿ ಇರೋದೇ ಎರಡು ಥರ ಜನ. ದುಡಿಯೋರು, ದುಡಿದು ಮುಗಿಸಿದವರು. ಇವಳದು ಮುಗೀತು, ನನ್ನ ಪಕ್ಕ ಹಾಕಿ," ಅಂದಳಂತೆ. ಹಾಗೇ ಬರೆದುಕೊಂಡರು.

ಹೀಗಾಗಿ ನಾನು ಈಗ ಊರ ಹಿರಿಯಳು ಅಕ್ಕಾ. ನಲವತ್ತು ತುಂಬಿಲ್ಲ, ಅಜ್ಜಿ. ಹೊಸ ವರ್ಷದ ದಿನ ಹೊಸ ಪಂಚರು ಕೋಲು ತಗೊಳ್ಳುವಾಗ ನನ್ನನ್ನ ಕುರ್ಚೀಲಿ ಹೊತ್ತುಕೊಂಡು ಹೋಗಿ ಚಾವಡಿ ಬೆಂಚಿನ ಮೇಲೆ ಅತ್ತೆ ಪಕ್ಕ ಕೂರಿಸಿದರು. ಮೊದಲ ಬಟ್ಟಲು ಸಾರು ನಮಗೆ, ಮೊದಲ ಗುಟುಕು ಮೆಸ್ಕಾಲು ನಮಗೆ. ನನ್ನ ಜೊತೆ ಶಾಲೆಗೆ ಹೋದವಳು ಬಂದು ಬಗ್ಗಿ, "ಹೇಗಿದ್ದೀರಿ ಅಜ್ಜಿ," ಅಂತ ನನ್ನ ಕೈಗೆ ಮುತ್ತಿಟ್ಟಳು. ಅಣಕವಲ್ಲ, ಭಕ್ತಿಯಿಂದ. ಅಣಕಿಸಿದ್ದರೆ ಒದೀಬಹುದಿತ್ತು. ಪಕ್ಕದಲ್ಲಿ ಅತ್ತೆ, ಎಂಬತ್ತು ದಾಟಿದವಳು, ಇವತ್ತಿಗೂ ಬೆಟ್ಟದಿಂದ ಸೌದೆ ಹೊರೆ ತರೋಳು, ನನ್ನ ತೊಡೆ ತಟ್ಟಿ, "ಕುಡಿ ಮುದುಕಿ, ಆರಿಹೋಗುತ್ತೆ," ಅಂದಳು. ಎರಡು ಗುಟುಕು ಕುಡಿದು, ಇನ್ನೂ ಕೂರಬಲ್ಲೆ ಅನ್ನಿಸುವಾಗಲೇ ವಾಪಸ್ ಕರ್ಕೊಂಡು ಹೋಗಿ ಅಂದೆ. ಅಷ್ಟಾದರೂ ಕಲಿತಿದ್ದೀನಿ. ಮೂರನೇ ದಿನ ಬೀಳಲಿಲ್ಲ.

ನೀರು ಬರ್ತಿದೆ. ಹೆಸರು ಪಟ್ಟಿಯಲ್ಲಿದೆ, ಕೊನೇ ಹಾಳೇಲಿ, ಹಿರಿಯರ ಸಾಲಲ್ಲಿ. ಅಮ್ಮನ ಪಕ್ಕದ ಜಾಗ ನನ್ನದೇ. ಗೆದ್ದೆ ಅಂತ ನೀನು ಅಂಗಡೀಲಿ ಎಲ್ಲರಿಗೂ ಹೇಳಬಹುದು.

ಇವತ್ತು ಶನಿವಾರ. ಬೆಳಕು ಹರಿಯುವಾಗ ಮೈಕು ಶುರುವಾಯ್ತು. ನನಗೆ ಎಚ್ಚರವಾಗಿತ್ತು. ನಾರ್ಸಿಸೊ, ಇದ್ದೀನಿ. ನತಿವಿದಾದ್, ಇದ್ದೀನಿ. ಇನ್ನು ನನ್ನದು. ಎರಡೂವರೆ ವರ್ಷ ಆ ಕೂಗಿಗೆ ದಿಂಬು ಕಚ್ಚಿ ಶಾಪ ಹಾಕಿದ್ದೆ, ಗೊತ್ತಲ್ಲ. ನನ್ನಲ್ಲಿ ನಿಲ್ಲಲೇ ಇಲ್ಲ ಅಕ್ಕಾ, ನೇರ ಒದಿಲೋನ್‌ಗೆ ಹೋದರು. ಬಂದಿಲ್ಲ ಅನ್ನೋದಕ್ಕೂ ನನ್ನ ಹೆಸರು ಬೇಡವಾಯ್ತು.

ಮಲಗಿದಲ್ಲೇ, ಯಾರಿಗೂ ಕೇಳದ ಹಾಗೆ, "ಇದ್ದೀನಿ" ಅಂದೆ.

ನಿನ್ನ ತಂಗಿ,
ನಿಯೆವೆಸ್